ಮಾತು ಹೋದ ನಟನ ಡಬ್ಬಿಂಗ್

ಆ ಸಿನಿಮಾದ ಕೊನೆಯ ದೃಶ್ಯ ನನ್ನ ಕೈಗೆ ಬಂದಾಗ ಅದರಲ್ಲಿ ಮಾತಿಗಿಂತ ಜೀರುಂಡೆಗಳ ಸದ್ದೇ ಹೆಚ್ಚಾಗಿತ್ತು. ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಹಳ್ಳಿಯಲ್ಲಿ, ನಡುಬೇಸಗೆಯಲ್ಲಿ, ಮರಗಳ ಕೆಳಗೆ ನಿಂತ ಹಳೆಯ ಸ್ಕೂಲ್ ಬಸ್ಸಿನ ಪಕ್ಕದಲ್ಲಿ ಚಿತ್ರೀಕರಿಸಿದ ದೃಶ್ಯ. ನಿವೃತ್ತನಾಗುತ್ತಿರುವ ಮುದುಕ ಡ್ರೈವರ್ ತನ್ನ ಜಾಗಕ್ಕೆ ಬಂದ ಹುಡುಗಿಗೆ ಬಸ್ಸನ್ನು ಒಪ್ಪಿಸುತ್ತಾನೆ. ಯಾವ ಗೇರ್ ಹಟ ಮಾಡುತ್ತದೆ, ಯಾವ ಬಾಗಿಲನ್ನು ಎರಡು ಸಲ ಎಳೆಯಬೇಕು ಎಂದು ಹೇಳುತ್ತ ಹೋಗುತ್ತಾನೆ. ಅಷ್ಟೇ. ಆದರೆ ಇಡೀ ಸಿನಿಮಾ ಆ ಕೆಲವು ನಿಮಿಷಗಳಿಗಾಗಿ ಕಾದಿರುತ್ತದೆ. ಅವು ಕೇಳದಿದ್ದರೆ ಸಿನಿಮಾ ಇಲ್ಲ.

ನಾನು ಮಾಡುವುದು ಸಂಭಾಷಣೆಯ ಎಡಿಟಿಂಗ್. ಚಿತ್ರೀಕರಣದ ಜಾಗದಲ್ಲಿ ಮೈಕಿಗೆ ಸಿಕ್ಕ ಮಾತುಗಳನ್ನು ಶುದ್ಧ ಮಾಡಿ, ಒಂದು ಟೇಕಿನ ಪದವನ್ನು ಇನ್ನೊಂದು ಟೇಕಿನ ಪದಕ್ಕೆ ಹೊಲಿದು, ಹೊಲಿಗೆ ಕಾಣದಂತೆ ನೋಡಿಕೊಳ್ಳುವ ಕೆಲಸ. ಕೊರೊನಾ ಕಾಲದಲ್ಲಿ ಅಟ್ಲಾಂಟದ ಸ್ಟುಡಿಯೋದವರು ನಮ್ಮನ್ನೆಲ್ಲ ಮನೆಯಿಂದ ಕೆಲಸ ಮಾಡಿ ಎಂದರು. ಗಂಡನಿಗೆ ವಾಷಿಂಗ್ಟನ್ ಬಳಿಯ ಗೈದರ್ಸ್‌ಬರ್ಗ್‌ನ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದರಿಂದ ಪಕ್ಕದ ಕ್ಲಾರ್ಕ್ಸ್‌ಬರ್ಗ್‌ಗೆ ಬಂದೆವು. ನಾನು ಬೇಸ್‌ಮೆಂಟಿಗೆ ಇಳಿದವಳು ಮತ್ತೆ ಮೇಲೆ ಬಂದೇ ಇಲ್ಲ ಎಂದು ಅವನು ತಮಾಷೆ ಮಾಡುತ್ತಾನೆ. ತೀರಾ ತಮಾಷೆಯೂ ಅಲ್ಲ ಅದು.

ಜೀರುಂಡೆಯ ತೊಂದರೆ ಏನೆಂದರೆ, ಅದರ ದನಿ ನಮ್ಮ ಸ, ಶ, ಫ ಇರುವ ಎತ್ತರದಲ್ಲೇ ಇರುತ್ತದೆ. ಸಾಫ್ಟ್‌ವೇರಿಗೆ ಅದನ್ನು ಅಳಿಸು ಎಂದರೆ ಜೊತೆಗೆ ಈ ಅಕ್ಷರಗಳನ್ನೂ ಅಳಿಸುತ್ತದೆ. ಉಳಿಯುವ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತದೆ. ನಾನು ವಾರಗಟ್ಟಲೆ ಪದಪದವನ್ನೂ ಬಿಡಿಸಿದೆ. ಬೇರೆ ಟೇಕುಗಳಿಂದ ಒಂದೊಂದು ವ್ಯಂಜನವನ್ನು ಕದ್ದು ತಂದು ಕೂರಿಸಿದೆ. ಕಾಲರಿಗೆ ಸಿಕ್ಕಿಸಿದ್ದ ಮೈಕನ್ನು ನಂಬೋಣವೆಂದರೆ ಅಂಗಿ ಬೆವರಿಗೆ ಅಂಟಿ ಉಜ್ಜಿಕೊಂಡಿತ್ತು. ಅರ್ಧಕ್ಕಿಂತ ಹೆಚ್ಚು ಮಾತು ಉಳಿಯಿತು. ಏಳೆಂಟು ಸಾಲು ಏನು ಮಾಡಿದರೂ ಉಳಿಯಲಿಲ್ಲ.

ಸಾಮಾನ್ಯವಾಗಿ ಇದು ದೊಡ್ಡ ವಿಷಯವೇ ಅಲ್ಲ. ನಟರನ್ನು ಸ್ಟುಡಿಯೋಗೆ ಕರೆಸಿ ಆ ಸಾಲುಗಳನ್ನು ಡಬ್ ಮಾಡಿಸುತ್ತೇವೆ. ಆದರೆ ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ ನಾಯಕನಟರಿಗೆ ಸ್ಟ್ರೋಕ್ ಆಗಿತ್ತು. ಬಲಗೈ ಸ್ವಲ್ಪ ಸ್ವಲ್ಪವಾಗಿ ಮರಳಿತು. ಮಾತು ಮರಳಲಿಲ್ಲ. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಹೇಳಬೇಕಾದ್ದು ತಲೆಯಲ್ಲೂ ಇತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಅವರ ಬಗ್ಗೆ ಸ್ವಲ್ಪ ಹೇಳಬೇಕು. ಉತ್ತರ ಕೆರೊಲೈನಾದ ಚರ್ಚೊಂದರ ಗಾಯನವೃಂದದಲ್ಲಿ ಹಾಡುತ್ತಿದ್ದ ಹುಡುಗ, ಇಪ್ಪತ್ತರ ವಯಸ್ಸಿನಲ್ಲಿ ವಾಷಿಂಗ್ಟನ್ನಿಗೆ ಬಂದು ಒಂದು ಬ್ಯಾಂಡ್ ಸೇರಿದ. ಆ ಬ್ಯಾಂಡಿನ ಒಂದೇ ಒಂದು ಹಾಡು ಗೆದ್ದಿತು. ಇಂದಿಗೂ ಕಪ್ಪು ಜನರ ಮದುವೆಗಳಲ್ಲಿ ಆ ಹಾಡು ಹಾಕುತ್ತಾರೆ. ಬ್ಯಾಂಡ್ ಒಡೆದ ಮೇಲೆ ಸಿನಿಮಾಗಳಲ್ಲಿ ಪೊಲೀಸ್, ನ್ಯಾಯಾಧೀಶ, ಬಾರಿನವನು ಹೀಗೆ ಬಂದು ಹೋಗುವ ಪಾತ್ರಗಳು. ಆಮೇಲೆ ಒಂದು ಟೀವಿ ಕಾಮಿಡಿಯಲ್ಲಿ ಪಕ್ಕದ ಮನೆಯವನ ಪಾತ್ರ. ಬೇಲಿಯ ಆಚೆಯಿಂದ ತಲೆ ಎತ್ತಿ ಏನಾದರೊಂದು ಕೇಳುವುದು, ಜನ ನಗುವುದು. ವರ್ಷಗಳ ಕಾಲ ಅದೇ. ಎಪ್ಪತ್ತು ದಾಟಿದ ಮೇಲೆ, ಮೊದಲ ಬಾರಿಗೆ, ಈ ಬಸ್ ಡ್ರೈವರ್‌ನ ಪಾತ್ರದಲ್ಲಿ ಅವರು ನಾಯಕರಾಗಿದ್ದರು. ಇದೇ ಅವರ ಕೊನೆಯ ಸಿನಿಮಾ ಎಂಬುದು ಆಗ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಅಟ್ಲಾಂಟದಿಂದ ನಮ್ಮ ಸೌಂಡ್ ಸೂಪರ್‌ವೈಸರ್ ಕರೆ ಮಾಡಿದರು. ಈ ಕೆಲಸದಲ್ಲಿ ಕೂದಲು ಬೆಳ್ಳಗಾದ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ. ನಿರ್ಮಾಪಕರು ಯಂತ್ರದ ದನಿಯ ಕಡೆಗೆ ವಾಲಿದ್ದಾರೆ ಎಂದರು. ನಟರ ಹಳೆಯ ಮಾತುಗಳನ್ನು ಕಂಪ್ಯೂಟರಿಗೆ ಉಣಿಸಿದರೆ ಅದು ಅವರ ದನಿಯಲ್ಲೇ ಬೇಕಾದ ಸಾಲನ್ನು ಹೇಳುತ್ತದೆ. ಮಾದರಿಗಳನ್ನು ಶುದ್ಧ ಮಾಡಿ ಕೊಡುವುದು ನನ್ನ ಪಾಲಿಗೆ ಬಂತು. ಅವರ ಸಿನಿಮಾಗಳ ಧ್ವನಿಪಟ್ಟಿಗಳಲ್ಲಿ ಸಂಗೀತ, ಟ್ರಾಫಿಕ್ಕು, ಗುಂಡಿನ ಸದ್ದು ಎಲ್ಲ ಬೆರೆತುಹೋಗಿದ್ದವು. ಶುದ್ಧವಾಗಿ, ಬೇಕಾದಷ್ಟು ಸಿಕ್ಕಿದ್ದು ಸ್ಟುಡಿಯೋ ಒಳಗೆ ಚಿತ್ರೀಕರಿಸಿದ ಆ ಟೀವಿ ಕಾಮಿಡಿಯ ಧ್ವನಿ ಮಾತ್ರ. ಅದನ್ನೇ ಕೊಟ್ಟೆ. ವಾರದೊಳಗೆ ಸಾಲುಗಳು ತಯಾರಾಗಿ ಬಂದವು. ತುಟಿಗೆ ಕೂರಿಸಿ ನೋಡಿದೆ. ಪ, ಬ, ಮ ಬರುವಲ್ಲೆಲ್ಲ ತುಟಿ ಸರಿಯಾಗಿ ಮುಚ್ಚುತ್ತಿತ್ತು. ಒಂದು ಫ್ರೇಮ್ ಕೂಡ ಆಚೀಚೆ ಇಲ್ಲ.

ಗಂಡ ಕಾಫಿ ಹಿಡಿದು ಕೆಳಗೆ ಬಂದವನು ಹಿಂದೆ ನಿಂತು ಕೇಳಿದ.

"ಇದು ಆ ಪಕ್ಕದ್ಮನೆ ಅಂಕಲ್ ವಾಯ್ಸ್ ಅಲ್ವಾ? ನಾನು ಈ ದೇಶಕ್ಕೆ ಬಂದಾಗ ಇವರ ಷೋ ನೋಡೇ ಇಲ್ಲಿ ಇಂಗ್ಲಿಷ್ ಕಲ್ತಿದ್ದು" ಎಂದ.

ಚೆನ್ನಾಗಿದೆಯಾ ಎಂದು ಕೇಳಿದೆ. ತುಂಬಾ ಚೆನ್ನಾಗಿದೆ ಎಂದ. ನನಗೂ ತಪ್ಪು ಕಾಣಲಿಲ್ಲ. ದಣಿದಿದ್ದೆ. ಕೆಲಸ ಮುಗಿದರೆ ಸಾಕಿತ್ತು.

ಕರಾರಿನ ಪ್ರಕಾರ ನಟರ ಒಪ್ಪಿಗೆ ಬೇಕಿತ್ತು. ಅವರ ಮನೆ ಉತ್ತರ ಕೆರೊಲೈನಾದ ಡರ್ಹಮ್ ಊರಿನ ಹೊರಗೆ, ಮಗಳ ಜೊತೆ. ನಾನಿರುವಲ್ಲಿಂದ ಕಾರಿನಲ್ಲಿ ಹೋಗುವಷ್ಟು ದೂರ. ಹಾಗಾಗಿ ಒಪ್ಪಿಗೆ ಪಡೆಯುವ ಕೆಲಸವೂ ನನಗೇ ಬಂತು. ಮೈಕು, ರೆಕಾರ್ಡರ್ ಕೂಡ ಕಾರಿಗೆ ಹಾಕಿಕೊಂಡೆ. ಯಾಕೆಂದು ಆಗ ಯೋಚಿಸಿರಲಿಲ್ಲ. ಕೆಲಸಕ್ಕೆ ಹೊರಟಾಗ ಅವನ್ನು ಬಿಟ್ಟು ಹೋಗುವ ಅಭ್ಯಾಸ ನನಗಿಲ್ಲ. ವರ್ಜೀನಿಯಾದ ಉದ್ದಕ್ಕೂ ಟ್ರಾಫಿಕ್ಕು. ಕೆರೊಲೈನಾ ಮುಟ್ಟುವಾಗ ಪೈನ್ ಮರಗಳ ಹಳದಿ ಪರಾಗ ಕಾರಿನ ಗಾಜಿನ ಮೇಲೆ ಅರಿಸಿನದಂತೆ ಕೂತಿತ್ತು.

ಮಗಳು ಹೈಸ್ಕೂಲಿನಲ್ಲಿ ಟೀಚರ್, ಐವತ್ತರ ಹತ್ತಿರದ ಹೆಂಗಸು. ತಂದೆಯನ್ನು ನೋಡಿಕೊಳ್ಳಲು ರಜೆ ಹಾಕಿದ್ದರು. ನನಗಿಂತ ದಣಿದಿದ್ದರು. ಅವರನ್ನು ನೋಡಿದಾಗ ನನ್ನ ದಣಿವನ್ನು ದಣಿವೆನ್ನಲು ನಾಚಿಕೆಯಾಯಿತು. ಅವರ ತಂದೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಎಡಗೈ ಚಾಚಿ ನನ್ನ ಕೈ ಕುಲುಕಿದರು. ಲ್ಯಾಪ್‌ಟಾಪ್ ಅವರ ಮುಂದಿಟ್ಟು, ಹೆಡ್‌ಫೋನ್ ಹಾಕಿ, ಇದು ಯಂತ್ರ ಮಾಡಿದ ದನಿ, ನೀವು ಒಪ್ಪಿದರೆ ಮಾತ್ರ ಬಳಸುತ್ತೇವೆ ಎಂದು ಹೇಳಿ ದೃಶ್ಯವನ್ನು ಬಿಟ್ಟೆ.

ಅವರು ಕೊನೆಯವರೆಗೂ ಕೇಳಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ತುಟಿಗಳು ಕೆಲಸ ಮಾಡತೊಡಗಿದವು. ಕುತ್ತಿಗೆಯ ನರ ಉಬ್ಬಿತು. ಮಗಳು ನನಗೆ ಕಣ್ಣಿನಲ್ಲೇ ತಡೆಯಿರಿ ಎಂದರು. ಬಹಳ ಹೊತ್ತಿನ ಮೇಲೆ ಒಂದು ಮಾತು ಬಂತು.

"ಯಾರು?"

ಮಗಳು ಹತ್ತಿರ ಬಗ್ಗಿ, "ಅದು ನೀವೇ ಅಪ್ಪಾ" ಎಂದರು. ಅವರು ತಲೆ ಅಲ್ಲಾಡಿಸಿದರು. ಪರದೆಯ ಮೇಲೆ ನಿಂತುಹೋಗಿದ್ದ ಡ್ರೈವರ್‌ನ ಮುಖವನ್ನು ಬೆರಳಿನಿಂದ ಮುಟ್ಟಿದರು, ಆಮೇಲೆ ಹೆಡ್‌ಫೋನನ್ನು ನನ್ನ ಕಡೆ ತಳ್ಳಿದರು.

ಮಗಳು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ವರಾಂಡದಲ್ಲಿ ನಿಂತು ಕಡಿಮೆ ದನಿಯಲ್ಲಿ ಹೇಳಿದರು: "ನೀವು ಕೇಳಿಸಿದ್ದು ಆ ಪಕ್ಕದ ಮನೆಯವನನ್ನು. ರಸ್ತೆಯಲ್ಲಿ ಸಿಕ್ಕವರೆಲ್ಲ ಸ್ಟ್ರೋಕ್ ಆಗುವವರೆಗೂ ಅಪ್ಪನಿಂದ ಅವನ ಮಾತನ್ನೇ ಹೇಳಿಸಿ ನಗುತ್ತಿದ್ದರು. ಅಪ್ಪ ಪಾಪ ಹೇಳುತ್ತಿದ್ದರು. ಈ ಡ್ರೈವರ್ ಪಾತ್ರ ಸಿಕ್ಕಿದಾಗ ಆರು ತಿಂಗಳು ಮನೆಯಲ್ಲಿ ಅಭ್ಯಾಸ ಮಾಡಿದರು, ಆ ದನಿಯನ್ನು ಮೈಯಿಂದ ಬಿಡಿಸಿಕೊಳ್ಳಲಿಕ್ಕೆ."

ಅವರು ಹೇಳಿದ ಮೇಲೆ ಕೇಳಿದರೆ ಅದು ನನಗೂ ಸ್ಪಷ್ಟವಾಯಿತು. ಯಂತ್ರದ ಪ್ರತಿ ಸಾಲಿನ ಕೊನೆಯೂ ಸಣ್ಣಗೆ ಮೇಲಕ್ಕೆ ಏಳುತ್ತಿತ್ತು, ನಗುವಿಗೆ ಜಾಗ ಬಿಡುವ ಹಾಗೆ. ಬಸ್ಸಿನ ಪಕ್ಕದಲ್ಲಿ ನಿಂತ ಮುದುಕ ಪ್ರತಿ ಮಾತಿಗೂ ನಗುವನ್ನು ಕಾಯುತ್ತಿದ್ದ. ವಾರಗಟ್ಟಲೆ ಈ ಮನುಷ್ಯನ ಉಸಿರಿನ ಸದ್ದನ್ನೂ ಎಣಿಸಿದ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ.

ವರಾಂಡದಿಂದಲೇ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಒಪ್ಪಲಿಲ್ಲ ಎಂದೆ. ಹಾಗಾದರೆ ನಿರ್ಮಾಪಕರು ಇವರ ದನಿಯನ್ನು ಅನುಕರಣೆ ಮಾಡುವ ಯಾರನ್ನಾದರೂ ಹುಡುಕುತ್ತಾರೆ, ಇಲ್ಲವೇ ದೃಶ್ಯವನ್ನೇ ಅರ್ಧ ಕತ್ತರಿಸುತ್ತಾರೆ ಎಂದರು. ಅನುಕರಣೆಯವನು ಬಂದರೂ ಮತ್ತೆ ಪಕ್ಕದ ಮನೆಯವನೇ ಬರುತ್ತಾನೆ, ಜನರಿಗೆ ಗೊತ್ತಿರುವುದು ಅವನೇ. ಅದನ್ನು ಹೇಳಿದೆ. ಆಮೇಲೆ, ಹೇಳಬೇಕೆಂದು ಯೋಚಿಸದೆಯೇ, "ನಾನು ಇಲ್ಲೇ ಉಳಿದು ಇವರಿಂದಲೇ ಹೇಳಿಸುತ್ತೇನೆ. ಒಂದು ವಾರ ಕೊಡಿ" ಎಂದುಬಿಟ್ಟೆ.

"ಅವರಿಗೆ ಮಾತು ಬರುವುದಿಲ್ಲ" ಎಂದರು ಸೂಪರ್‌ವೈಸರ್.

"ಈಗ ಒಂದು ಮಾತು ಬಂತು" ಎಂದೆ.

ವಾರ ಸಿಕ್ಕಿತು. ಗಂಡನಿಗೆ ಹೇಳಿದಾಗ ಅವನು ಬೈಯಲಿಲ್ಲ. "ಆಯ್ತು, ಮಾಡು. ಆದ್ರೆ ನಿಂಗೆ ಇದು ಆಗ್ಲಿಲ್ಲ ಅಂದ್ರೆ ವಾಪಸ್ ಬಂದ್ಬಿಡು, ನಿನ್ನ ಮೇಲೆ ಹಾಕ್ಕೋಬೇಡ" ಎಂದಷ್ಟೇ ಅಂದ. ನಾನು ಹತ್ತಿರದ ಹೋಟೆಲಿನಲ್ಲಿ ರೂಮು ಹಿಡಿದೆ. ಹೇಳಿಸುತ್ತೇನೆ ಎಂದಿದ್ದೇನೋ ನಿಜ, ನಟರನ್ನೇ ಕೇಳಿರಲಿಲ್ಲ. ಮರುದಿನ ಕೇಳಿದೆ. ಅವರು ಮೈಕಿನ ಕಡೆ ನೋಡಿ ಹೂಂ ಎಂದು ತಲೆಯಾಡಿಸಿದರು. ಆ ತಲೆಯಾಟದಲ್ಲಿ ಉತ್ಸಾಹವೇನೂ ಇರಲಿಲ್ಲ. ಕೆಲಸ ಇದೆ, ಮಾಡೋಣ ಎನ್ನುವ ಹಾಗಿತ್ತು.

ಮಲಗುವ ಕೋಣೆಯನ್ನು ಸ್ಟುಡಿಯೋ ಮಾಡಿದೆವು. ಗೋಡೆಗೆ ರಜಾಯಿಗಳು, ನೆಲಕ್ಕೆ ಕಂಬಳಿ, ಫ್ರಿಜ್ ಬಂದ್, ಏಸಿ ಬಂದ್. ಚಿತ್ರೀಕರಣದಲ್ಲಿ ಬಳಸಿದ ಜಾತಿಯ ಮೈಕನ್ನೇ ಅದೇ ದೂರದಲ್ಲಿ ಕಟ್ಟಿದೆ. ಡಬ್ಬಿಂಗಿನಲ್ಲಿ ನಮ್ಮ ಪದ್ಧತಿ ಹೀಗೆ: ಪರದೆಯ ಮೇಲೆ ದೃಶ್ಯ ಓಡುತ್ತದೆ, ಕಿವಿಯಲ್ಲಿ ಮೂರು ಸಲ ಬೀಪ್ ಎನ್ನುತ್ತದೆ, ನಾಲ್ಕನೆಯದು ಬರಬೇಕಾದ ಕ್ಷಣಕ್ಕೆ ನಟ ಮಾತು ಶುರು ಮಾಡಬೇಕು. ಜೀವಮಾನವಿಡೀ ಅವರು ಮಾಡಿದ್ದ ಕೆಲಸ. ಆದರೆ ಈಗ ಮೊದಲ ಬೀಪಿಗೇ ಅವರ ಭುಜ ಬಿಗಿಯಿತು. ಮೂರನೆಯದಕ್ಕೆ ದವಡೆ ಕಚ್ಚಿಕೊಂಡಿತು. ಮಾತಿನ ಜಾಗ ದಾಟಿಹೋಯಿತು. ಮತ್ತೆ ಮಾಡಿದೆವು. ಮತ್ತೆ. ಒಂದು ಸಲ ಬೇರೆ ಯಾವುದೋ ಪದ ಬಂತು, ಅದು ತಪ್ಪೆಂದು ಅವರಿಗೇ ಗೊತ್ತಾಗಿ ಎಡಗೈಯಿಂದ ತೊಡೆಗೆ ಹೊಡೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಮಗಳು ಬಾಗಿಲಿಗೆ ಬಂದು ಇವತ್ತಿಗೆ ಸಾಕು ಎಂದರು. ಒಂದೇ ಒಂದು ಸಾಲೂ ಆಗಿರಲಿಲ್ಲ.

ಕಾರಿನಲ್ಲಿ ಕೂತು ನಮ್ಮ ಕಡೆಯ ಒಬ್ಬರು ಆಂಟಿಗೆ ಫೋನ್ ಮಾಡಿದೆ. ಹುಬ್ಬಳ್ಳಿಯವರು, ಗೈದರ್ಸ್‌ಬರ್ಗ್‌ನಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ದುಡಿದು ನಿವೃತ್ತರಾದವರು, ಕನ್ನಡ ಸಂಘದ ಊಟಗಳಲ್ಲಿ ಪರಿಚಯ. ನಾನು ಮಾಡಿದ್ದನ್ನೆಲ್ಲ ಕೇಳಿ ಅವರು ನಿಟ್ಟುಸಿರು ಬಿಟ್ಟರು.

"ತಂಗಿ, ಗಡಿಯಾರ ಹಿಡಕೊಂಡು ನಿಂತ್ರ ಅವರಿಗೆ ಮಾತು ಬರಂಗಿಲ್ಲ. ನಿನ್ನ ಬೀಪು ತೆಗದು ಹೊರಗ ಒಗಿ. ಅವರು ಮೊದಲ ಹಾಡವರು ಅಂದಿ ಅಲ್ಲ? ಮಾತು ಹೋದವರಿಗೆ ಎಷ್ಟೋ ಸಲ ಹಾಡು ಉಳದಿರ್ತೈತಿ. ಆ ಸಾಲನ್ನ ರಾಗಾ ಮಾಡಿ ಹೇಳಸಿ ನೋಡು. ಆದ್ರ ಅವರ ಥೆರಪಿಸ್ಟ್‌ಗ ಕೇಳದ ಏನೂ ಮಾಡಬ್ಯಾಡ, ತಿಳೀತಿಲ್ಲ? ಮತ್ತ ಎಲ್ಲಾರಿಗೂ ಆಗತೈತಿ ಅಂತ ಏನಿಲ್ಲ."

ನಟರ ಥೆರಪಿಸ್ಟನ್ನು ಮಗಳು ಕೇಳಿದರು. ಅವರೂ ಇದನ್ನೇ ಚಿಕ್ಕ ಚಿಕ್ಕ ಮಾತುಗಳಲ್ಲಿ ಶುರು ಮಾಡಿದ್ದರಂತೆ. ಬೆಳಗಿನ ಹೊತ್ತು ಮಾತ್ರ, ಸ್ವಲ್ಪ ಸ್ವಲ್ಪವೇ, ದಣಿವು ಕಂಡರೆ ಅಲ್ಲಿಗೆ ನಿಲ್ಲಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು.

ಹಾಗಾಗಿ ಪರದೆಯನ್ನೂ ಬೀಪನ್ನೂ ತೆಗೆದುಬಿಟ್ಟೆ. ತುಟಿಗೆ ಹೊಂದಿಸುವುದು ಆಮೇಲೆ ನನ್ನ ಪಾಡು. ಮಗಳು ಹಾಸಿಗೆಯ ಅಂಚಿನಲ್ಲಿ ಕೂತು, ತಂದೆಯ ಎಡಗೈಯನ್ನು ಮಂಡಿಯ ಮೇಲೆ ತಾಳಕ್ಕೆ ತಟ್ಟುತ್ತ, ಮೊದಲ ಸಾಲನ್ನು ಎರಡೇ ಸ್ವರಗಳಲ್ಲಿ ಗುನುಗಿದರು. ಬಾಗಿಲನ್ನು ಎರಡು ಸಲ ಎಳೆಯಬೇಕು ಎಂಬ ಸಾಲು. ಅವರು ಜೊತೆಗೆ ಗುನುಗಿದರು. ಮೂರನೆಯ ಸಲ ಗುನುಗಿನೊಳಗೆ ಪದಗಳು ಬಂದವು. ತೊದಲಿಲ್ಲದೆ, ಇಡೀ ಸಾಲು. ಮಗಳ ಕೈ ತಟ್ಟುವುದು ನಿಂತಿತು. ಅವರು ಮಾತ್ರ ನಿಲ್ಲಿಸದೆ ಇನ್ನೊಂದು ಸಲ ಹಾಡಿದರು, ಈ ಸಲ ಒಂದು ಸಣ್ಣ ಗಮಕ ಸೇರಿಸಿ. ಮುದುಕ ಹಾಡುಗಾರ ಅಲ್ಲೇ ಇದ್ದರು.

ಸಂತೋಷ ಹೋಟೆಲ್ ರೂಮಿಗೆ ಹೋಗುವವರೆಗೆ ಇತ್ತು. ಅಲ್ಲಿ ದೃಶ್ಯಕ್ಕೆ ಕೂರಿಸಿದರೆ ಡ್ರೈವರ್ ಬಸ್ಸಿನ ಬಾಗಿಲಿನ ಬಗ್ಗೆ ಹಾಡುತ್ತಿದ್ದ. ಸ್ವರಗಳನ್ನು ಚಪ್ಪಟೆ ಮಾಡಿ ನೋಡಿದೆ. ಮತ್ತೆ ಯಂತ್ರದ ದನಿಯೇ ಆಯಿತು. ಆ ಸಂಜೆ ನಾನು ಸೂಪರ್‌ವೈಸರ್‌ಗೆ ಏನೂ ಬರೆಯಲಿಲ್ಲ. ಬಟ್ಟೆ ಕೂಡ ಬದಲಿಸದೆ ಮಲಗಿದೆ.

ದಾರಿ ಕಂಡದ್ದು ಮಾರನೆಯ ಬೆಳಿಗ್ಗೆ, ಅದೂ ಅವರಿಂದಲೇ. ಹಾಡಿ ಮುಗಿಸಿದ ಮೇಲೆ ಅವರು ಕೈಯನ್ನು ಮಗಳ ಕೈಯಿಂದ ಬಿಡಿಸಿಕೊಂಡರು. ಕಣ್ಣು ಮುಚ್ಚಿ ಅದೇ ಸಾಲನ್ನು ಪಿಸುಗುಟ್ಟಿದರು. ಆಮೇಲೆ ಕಣ್ಣು ತೆರೆದು ಮಾತಿನ ದನಿಯಲ್ಲಿ ಹೇಳಿದರು. ಹಾಡು, ಪಿಸುಮಾತು, ಮಾತು. ಹಾಡಿನ ಬಿಸಿ ಆರುವ ಮೊದಲು ಆ ಮೂರನೆಯದು ಬಂದರೆ ಬಂತು, ತಡವಾದರೆ ಇಲ್ಲ. ನಾನು ರೆಕಾರ್ಡರನ್ನು ನಿಲ್ಲಿಸುವುದನ್ನೇ ಬಿಟ್ಟೆ. ಅದರ ಪಾಡಿಗೆ ಓಡುತ್ತಿರಲಿ ಎಂದು ಒಂದು ಮೂಲೆಯಲ್ಲಿ, ನೆಲದ ಮೇಲೆ, ಉಸಿರು ಹಿಡಿದು ಕೂತೆ.

ಒಂದು ಬೆಳಿಗ್ಗೆಗೆ ಎರಡು ಸಾಲು ಆದರೆ ದೊಡ್ಡದು. ಒಂದು ದಿನ ಅಕ್ಕಪಕ್ಕದ ಮನೆಗಳ ಹುಲ್ಲು ಕತ್ತರಿಸುವವರು ಕಿವಿ ಗಡಚಿಕ್ಕುವ ಎಲೆ ಊದುವ ಯಂತ್ರ ಹಿಡಿದು ಬಂದರು. ಅವರು ಹೋಗುವ ಹೊತ್ತಿಗೆ ನಟರಿಗೆ ದಣಿವಾಗಿತ್ತು, ಏನೂ ಆಗಲಿಲ್ಲ. ಇನ್ನೊಂದು ದಿನ ಅವರಿಗೇ ಮನಸ್ಸಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಮಗಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಈ ಸಿನಿಮಾ ಇವರನ್ನು ಉಳಿಸುತ್ತಿದೆಯೋ ಮುಗಿಸುತ್ತಿದೆಯೋ ತಿಳಿಯುತ್ತಿಲ್ಲ ಎಂದರು. ಒರೆಸುವ ಬಟ್ಟೆ ತೆಗೆದುಕೊಂಡು ಅವರು ತೊಳೆದಿಟ್ಟ ತಟ್ಟೆಗಳನ್ನು ಒರೆಸಿದೆ.

ಕೊನೆಯ ಬೆಳಿಗ್ಗೆ ಉಳಿದಿದ್ದ ಸಾಲುಗಳಲ್ಲಿ ಒಂದು ಬಸ್ಸಿನ ಇಂಜಿನ್ನಿನ ಬಗ್ಗೆ: ಬೆಳಿಗ್ಗೆ ಇವಳಿಗೆ ಸ್ವಲ್ಪ ಹೊತ್ತು ಕೊಡಬೇಕು. ಹಾಡಿನಲ್ಲಿ ಸರಾಗವಾಗಿ ಬಂತು, ಪಿಸುಮಾತಿನಲ್ಲಿ ಬಂತು. ಮಾತಿನಲ್ಲಿ 'ಸ್ವಲ್ಪ' ಎನ್ನುವಲ್ಲಿಗೆ ಬಂದು ನಿಂತುಹೋದರು. ಮುಂದಿನ ಪದ ಸಿಗುತ್ತಿಲ್ಲ. ಮಗಳು ಬಾಯಿ ತೆರೆದರು. ಅವರು ತಡೆಯುವಂತೆ ಒಂದು ಬೆರಳು ಎತ್ತಿದರು. ಆ ಮೌನದಲ್ಲಿ ಅವರು ಆ ಪದವನ್ನು ಹುಡುಕುತ್ತಿದ್ದುದು ಕೋಣೆಯಲ್ಲಿ ಕಣ್ಣಿಗೆ ಕಾಣುವ ಹಾಗಿತ್ತು. ಆಮೇಲೆ, ತುಂಬ ಮೆತ್ತಗೆ, "ಹೊತ್ತು ಕೊಡಬೇಕು" ಎಂದರು. ಇನ್ನೆರಡು ಸಾಲು ಉಳಿದಿದ್ದವು. ಪ್ರಯತ್ನಿಸೋಣವೇ ಎಂದೆ. ಬೇಡ ಎಂದು ಕೈಯಾಡಿಸಿದರು. ನಾನು ಮೈಕು ಬಿಚ್ಚಿದೆ.

ಬೇಸ್‌ಮೆಂಟಿಗೆ ಮರಳಿ ಕೂತಾಗ ಇನ್ನೊಂದು ತೊಡಕು ಎದುರಾಯಿತು. ಡರ್ಹಮ್‌ನ ಸಾಲುಗಳು ಶುದ್ಧವಾಗಿದ್ದವು, ಆಚೀಚೆಯ ಸಾಲುಗಳಲ್ಲಿ ಜೀರುಂಡೆಯ ಚೂರುಗಳು ಉಳಿದಿದ್ದವು. ಒಂದು ಸಾಲು ಹಳ್ಳಿಯಲ್ಲಿ, ಒಂದು ಸಾಲು ರಜಾಯಿಯೊಳಗೆ. ವಾರಗಟ್ಟಲೆ ಜೀರುಂಡೆಗಳನ್ನು ಕೊಂದವಳು ಈಗ ಅವನ್ನೆಲ್ಲ ವಾಪಸು ಕರೆತಂದೆ. ಮಾತಿಲ್ಲದ ಕಡೆಗಳಿಂದ ಅವುಗಳ ಸದ್ದನ್ನು ಕತ್ತರಿಸಿ, ಉದ್ದ ಮಾಡಿ, ದೃಶ್ಯದ ಕೆಳಗೆ ಈ ತುದಿಯಿಂದ ಆ ತುದಿಗೆ ಹಾಸಿದೆ. ಹೊಲಿಗೆಗಳೆಲ್ಲ ಅದರಡಿಯಲ್ಲಿ ಮುಚ್ಚಿಹೋದವು. ಡಬ್ ಆಗದೆ ಉಳಿದ ಎರಡು ಸಾಲುಗಳು ಕೂಡ ಆ ಸದ್ದಿನ ನಡುವೆ, ಚಿತ್ರೀಕರಣದಲ್ಲಿ ಸಿಕ್ಕಂತೆಯೇ, ಹೊಂದಿಕೊಂಡವು. ಈ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಸೂಪರ್‌ವೈಸರ್ ಕೇಳಲಿಲ್ಲ. ಅವರ ದೊಡ್ಡತನ. ಮೊದಲೇ ಹೊಳೆದಿದ್ದರೂ ಪ್ರಯೋಜನವಿರಲಿಲ್ಲ ಅನ್ನಿ, ಅಡಿಯಲ್ಲಿ ಹೊಲಿಯಲು ಕೇಳುವಂಥ ಮಾತು ಇರಬೇಕಿತ್ತಲ್ಲ.

ಮಾತು, ಸಂಗೀತ, ಸದ್ದುಗಳನ್ನೆಲ್ಲ ಹದವಾಗಿ ಬೆರೆಸುವ ಅಂತಿಮ ಮಿಕ್ಸಿಂಗ್ ಅಟ್ಲಾಂಟದಲ್ಲಿ. ಸಿನಿಮಾ ಥಿಯೇಟರಿನಷ್ಟೇ ದೊಡ್ಡ ಕೋಣೆ, ಮುಂದೆ ಪರದೆ, ನಡುವೆ ಗುಂಡಿಗಳು ತುಂಬಿದ ಉದ್ದದ ಕನ್ಸೋಲ್. ಕೊನೆಯ ದೃಶ್ಯದ ಮಿಕ್ಸಿಂಗ್ ದಿನ ನಟರೂ ಬರುತ್ತಾರೆಂದು ತಿಳಿದಾಗ ನನಗೆ ಭಯವಾಯಿತು. ಕೆರೊಲೈನಾದಿಂದ ಮಗಳು ಕಾರಿನಲ್ಲಿ ಕರೆತಂದಿದ್ದರು. ಟೈ ಕಟ್ಟಿಕೊಂಡಿದ್ದರು. ಹಿಂದಿನ ಸಾಲಿನ ಸೋಫಾದಲ್ಲಿ ಅವರನ್ನು ಕೂರಿಸಿ ದೃಶ್ಯ ಓಡಿಸಿದೆವು.

ಡರ್ಹಮ್‌ನ ಸಾಲುಗಳು ಒಂದೊಂದಾಗಿ ಬಂದು ಹೋದವು. ದನಿ ಸ್ವಲ್ಪ ಸೊರಗಿತ್ತು, ನಿಜ. ಆದರೆ ಯಾವ ಸಾಲಿನ ಕೊನೆಯೂ ನಗುವನ್ನು ಕಾಯುತ್ತಿರಲಿಲ್ಲ. ನಿರ್ದೇಶಕ, ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ, ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಇಂಜಿನ್ನಿನ ಸಾಲು ಬಂತು. ಆ ಮೌನವನ್ನು ನಾನು ಮನೆಯಲ್ಲೇ ಮುಚ್ಚಿದ್ದೆ. ಅಂತರವನ್ನು ಕತ್ತರಿಸಿ, ಎರಡು ತುಂಡುಗಳನ್ನು ಸೇರಿಸಿ, ಸಹಜವಾಗಿ ಹರಿಯುವ ಹಾಗೆ ಮಾಡಿದ್ದೆ. ನನ್ನ ಮಟ್ಟಿಗೆ ಅದು ಇಡೀ ದೃಶ್ಯದ ಅತ್ಯುತ್ತಮ ಹೊಲಿಗೆ.

ಹಿಂದಿನಿಂದ ಟಕ್ ಟಕ್ ಎಂದು ಸದ್ದು ಬಂತು. ನಟರು ಊರುಗೋಲಿನಿಂದ ನೆಲ ಕುಟ್ಟುತ್ತಿದ್ದರು. ದೃಶ್ಯ ನಿಲ್ಲಿಸಿದೆವು. ಏನಾಯಿತೆಂದು ಮಗಳು ಕೇಳಿದರು. ಅವರು ನನ್ನ ಕಡೆ ನೋಡಿ, ಎಡಗೈಯ ಎರಡು ಬೆರಳುಗಳನ್ನು ಕೂಡಿಸಿ, ನಿಧಾನವಾಗಿ ಅಗಲಿಸಿದರು.

ನನಗೆ ಅರ್ಥವಾಯಿತು. ನಿರ್ದೇಶಕರಿಗೆ ವಿವರಿಸಿದೆ. ಡರ್ಹಮ್‌ನ ರೆಕಾರ್ಡಿಂಗಿನಲ್ಲಿ ಅಲ್ಲಿ ಒಂದು ಮೌನವಿತ್ತು, ಅವರು ಪದಕ್ಕಾಗಿ ತಡವರಿಸಿದ್ದು ಅದು, ನಾನು ತೆಗೆದೆ. ಆ ಜಾಗದಲ್ಲಿ ಡ್ರೈವರ್‌ನ ಬೆನ್ನು ನಮ್ಮ ಕಡೆಗಿತ್ತು, ಅವನು ಬಸ್ಸಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ತುಟಿಗೆ ಹೊಂದಿಸುವ ಗೊಡವೆ ಇರಲಿಲ್ಲ. ಬೇಕಾದರೆ ಹಾಕಬಹುದು. ನಿರ್ದೇಶಕರು ಅನುಮಾನಿಸಿದರು. ಪ್ರೇಕ್ಷಕರಿಗೆ ಅದು ಕಾಯಿಲೆಯ ಹಾಗೆ ಕೇಳಿಸಬಾರದು ಎಂದರು. ನಟರ ಎದುರಿಗೇ ಹೇಳಿದರು, ಅದೊಂದು ಒಳ್ಳೆಯ ಗುಣ. ನಟರು ಸಿಟ್ಟಾಗಲಿಲ್ಲ. ಬೆರಳುಗಳನ್ನು ಹಾಗೆಯೇ ಅಗಲಿಸಿ ಹಿಡಿದಿದ್ದರು.

ಸಣ್ಣ ಅಂತರ ಹಾಕಿ ಕೇಳಿಸಿದೆ. ಊರುಗೋಲು ಟಕ್ ಎಂದಿತು. ಇನ್ನಷ್ಟು ಹಾಕಿದೆ. ಮತ್ತೆ ಟಕ್. ಕೊನೆಗೆ, ಅವರ ಮನೆಯ ಕೋಣೆಯಲ್ಲಿ ಎಷ್ಟಿತ್ತೋ ಅಷ್ಟನ್ನೂ ಹಾಕಿಬಿಟ್ಟೆ. ಬೆಳಿಗ್ಗೆ ಇವಳಿಗೆ ಸ್ವಲ್ಪ, ಎಂದ ಡ್ರೈವರ್. ಜೀರುಂಡೆಗಳು ಕೂಗಿದವು. ಪರದೆಯ ಮೇಲೆ ಅವನ ಅಂಗೈ ಬಾನೆಟ್ಟನ್ನು ಒಮ್ಮೆ ಸವರಿತು. ಚಿತ್ರೀಕರಣದ ದಿನ, ಸ್ಟ್ರೋಕಿಗೆ ಎಷ್ಟೋ ಮೊದಲು, ಅವರು ಹಾಗೆ ಸವರಿದ್ದನ್ನು ನಾನು ಅಷ್ಟು ವಾರಗಳಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ. ಆ ಸವರಿಕೆಗೆ ಹೊತ್ತು ಬೇಕಿತ್ತು. ಹೊತ್ತು ಕೊಡಬೇಕು, ಎಂದ ಡ್ರೈವರ್.

ಈ ಸಲ ಊರುಗೋಲು ಸದ್ದು ಮಾಡಲಿಲ್ಲ. ಅದು ಕಾಯಿಲೆಯ ಹಾಗೆ ಕೇಳಲಿಲ್ಲ. ಕೆಲಸ ಬಲ್ಲ ನಟನೊಬ್ಬ ಬೇಕೆಂದೇ ನಿಂತ ಹಾಗೆ ಕೇಳಿತು. ನಿರ್ದೇಶಕರು ಕುರ್ಚಿ ತಿರುಗಿಸಿ ಹಿಂದಕ್ಕೆ ನೋಡಿ, "ಸರಿ ಸರ್, ಇಷ್ಟೇ ಇರಲಿ" ಎಂದರು. ಈ ನಿರ್ದೇಶಕರು ಯಾವ ನಟನ ಮಾತಿಗೂ ತಮ್ಮ ತೀರ್ಮಾನ ಬದಲಿಸಿದ್ದನ್ನು ತಾವು ಕಂಡಿರಲಿಲ್ಲ ಎಂದು ಸೂಪರ್‌ವೈಸರ್ ಆಮೇಲೆ ಹೇಳಿದರು.

ಮುಂದಿನ ಭಾಗಕ್ಕೆ ಹೋದೆವು. ಬಸ್ಸು ಹೊರಡುವ ಸದ್ದು, ಜಲ್ಲಿಕಲ್ಲಿನ ಮೇಲೆ ಗಾಲಿಗಳು, ಅದರ ಹಿಂದೆ ಬರುವ ಸಂಗೀತದ ಮಟ್ಟ. ಇಂಥದ್ದರಲ್ಲಿ ಗಂಟೆಗಳು ಹೋಗುತ್ತವೆ. ಒಂದು ಹೊತ್ತಿನಲ್ಲಿ ಸೂಪರ್‌ವೈಸರ್ ನನ್ನ ಮೊಣಕೈ ಮುಟ್ಟಿ ಹಿಂದೆ ನೋಡು ಎಂದರು. ನಟರು ಸೋಫಾದಲ್ಲಿ ತಲೆ ಹಿಂದಕ್ಕೆ ಒರಗಿಸಿ ನಿದ್ದೆಹೋಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಮಗಳು ಅವರ ಟೈ ಸಡಿಲಿಸಿ, ತಮ್ಮ ಕೋಟನ್ನು ಹೊದಿಸಿ, ತಾವೂ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಎಬ್ಬಿಸಿ ಹೋಟೆಲಿಗೆ ಕಳಿಸೋಣವೇ ಎಂದು ನಿರ್ದೇಶಕರು ಪಿಸುಗುಟ್ಟಿದರು. ಸೂಪರ್‌ವೈಸರ್ ತಲೆಯಾಡಿಸಿ ಬೇಡವೆಂದರು. ದೊಡ್ಡ ಸ್ಪೀಕರುಗಳನ್ನು ಬಂದ್ ಮಾಡಿ, ಎಲ್ಲರ ಕೈಗೂ ಒಂದೊಂದು ಹೆಡ್‌ಫೋನ್ ಕೊಟ್ಟರು. ಉಳಿದ ಕೆಲಸವನ್ನು ನಾವು ಹಾಗೆಯೇ ಮಾಡಿ ಮುಗಿಸಿದೆವು.